ಡಿಸ್ಕ್ ಬದಲಾಯಿಸಬಹುದು, ಅದರೊಳಗಿನದನ್ನಲ್ಲ



ನಮ್ಮ ಮನೆಯ ಕಂಪ್ಯೂಟರನ್ನು ಕೊಂಡದ್ದು 2008ರಲ್ಲಿ. ಕಳೆದ ತಿಂಗಳು ಅದು ಚಾಲೂ ಆಗಲು ಹತ್ತು ನಿಮಿಷ ಹಿಡಿಯತೊಡಗಿತು. ಕಡೆಗೊಂದು ದಿನ, ಡಿಸ್ಕ್ ಸಿಗುತ್ತಿಲ್ಲವೆಂಬ ಸಂದೇಶವನ್ನು ಕಪ್ಪು ಪರದೆಯ ಮೇಲೆ ತೋರಿಸಿ ನಿಂತುಬಿಟ್ಟಿತು. ಒಳಗಿನಿಂದ ಗೋಡೆ ಗಡಿಯಾರದಂತೆ 'ಟಕ್ ಟಕ್' ಎಂಬ ಸದ್ದು. ರಿಪೇರಿ ಅಂಗಡಿಯವರು, "ಸಾರ್, ಇದನ್ನು ಗುಜರಿಗೆ ಹಾಕಿ, ಹೊಸದು ತೊಗೊಳ್ಳಿ" ಎಂದರು.

ಯಂತ್ರದ ಮಟ್ಟಿಗೆ ಅವರ ಮಾತು ಸರಿಯೇ ಇರಬಹುದು. ಆದರೆ 2009ರಲ್ಲಿ ನಮ್ಮ ತಾಯಿಯವರು ಹಾಡಿದ್ದ ಮೂವತ್ತನಾಲ್ಕು ಹಸೆ ಹಾಡುಗಳು, ಬೀಸುವ ಪದಗಳು ಅದರಲ್ಲಿದ್ದವು. ಅಮ್ಮ ಈಗಿಲ್ಲ. ಬೇರೆ ಪ್ರತಿಯೂ ಇರಲಿಲ್ಲ.

ಹಾರ್ಡ್ ಡಿಸ್ಕಿನೊಳಗಿನ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಓದುವ ತಲೆಯು ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ಅವುಗಳ ಮೇಲೆ ತೇಲುತ್ತಿರುತ್ತದೆ. ಓದಲಾಗದಾಗ ಅದು ಹಿಂದೆ ಸರಿದು ಮತ್ತೆ ಪ್ರಯತ್ನಿಸುತ್ತದೆ. ಆ ಟಕ್ ಟಕ್ ಸದ್ದು ಸಾಮಾನ್ಯವಾಗಿ ಇದರದ್ದೇ. ಅಂಥ ಡಿಸ್ಕನ್ನು ಪದೇ ಪದೇ ಆನ್ ಮಾಡಿದರೆ ಹಾನಿ ಹೆಚ್ಚುವ ಸಂಭವವುಂಟು. ಇದನ್ನು ತಿಳಿಯುವ ಮೊದಲು ನಾನು ನಾಲ್ಕು ಬಾರಿ ಆನ್ ಮಾಡಿದ್ದೆ.

ಪ್ರಯೋಗಶಾಲೆಯಲ್ಲಿ ನಿಮಗೆ ಹೇಳುತ್ತಿದ್ದುದನ್ನೇ ನಾನು ಮರೆತಿದ್ದೆ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಬೇಕು. ಹಳೆಯ ಶಿಷ್ಯನೊಬ್ಬ ದೂರವಾಣಿಯಲ್ಲಿ ದಾರಿ ತೋರಿಸಿದ. ಮೊದಲು ಸಾಟಾ ಕೇಬಲ್ ಬದಲಾಯಿಸಿದೆವು. ಎಷ್ಟೋ ಸಲ ದೋಷ ಅಲ್ಲೇ ಇರುತ್ತದಂತೆ. ಸದ್ದು ನಿಲ್ಲಲಿಲ್ಲ. ಆಗ ಡಿಸ್ಕನ್ನು ಹೊರತೆಗೆದು, ಯುಎಸ್‌ಬಿ ಅಡಾಪ್ಟರಿನ ಮೂಲಕ ಮಗನ ಲ್ಯಾಪ್‌ಟಾಪಿಗೆ ಜೋಡಿಸಿ, ಬೇರೇನನ್ನೂ ಮುಟ್ಟದೆ ಹಾಡುಗಳನ್ನೇ ಮೊದಲು ನಕಲು ಮಾಡಿದೆವು. ಮೂವತ್ತೊಂದು ಉಳಿದವು. ಮೂರು ಹೋದವು.

ಆಮೇಲಿನ ಕೆಲಸ ಸುಲಭದ್ದು. ಸಾಟಾ ಜೋಡಣೆ ಹಳೆಯ ಯಂತ್ರಕ್ಕೂ ಹೊಸ ಎಸ್‌ಎಸ್‌ಡಿಗೂ ಒಂದೇ ಆದ್ದರಿಂದ 240 ಜಿಬಿಯ ಎಸ್‌ಎಸ್‌ಡಿ ನೇರವಾಗಿ ಕೂತಿತು. ಆದರೂ ಪ್ರತಿ ಬೆಳಿಗ್ಗೆ ಯಂತ್ರ ಅದನ್ನು ಬಿಟ್ಟು ಬೇರೆಡೆ ಹುಡುಕುತ್ತಿತ್ತು; ತಾರೀಖೂ ಹಿಂದಕ್ಕೆ ಹೋಗುತ್ತಿತ್ತು. ಹೊಸ ಡಿಸ್ಕೇ ಕೆಟ್ಟಿದೆಯೆಂದು ಹಿಂದಿರುಗಿಸಲು ಹೊರಟಿದ್ದೆ. ತಪ್ಪಿದ್ದದ್ದು ಮದರ್‌ಬೋರ್ಡಿನ ಮೇಲಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿಯಲ್ಲಿ. ಅದು ಸತ್ತಿದ್ದರಿಂದ, ಮೇನ್ ಸ್ವಿಚ್ ಆರಿಸಿದ ಕೂಡಲೇ ಬಯಾಸ್‌ನ ಹೊಂದಿಕೆಗಳೆಲ್ಲ ಅಳಿಸಿಹೋಗುತ್ತಿದ್ದವು. ಅಲ್ಪ ಬೆಲೆಯ ಬ್ಯಾಟರಿಯೊಂದು ಬದಲಾದೊಡನೆ ಎಲ್ಲವೂ ಸರಿಹೋಯಿತು.

ಕೆಟ್ಟದ್ದೇನೆಂದು ಹುಡುಕುವ ಮೊದಲೇ ಎಸೆಯುವ ಅಭ್ಯಾಸ ನಮ್ಮಲ್ಲಿ ಬೆಳೆಯುತ್ತಿದೆ. ಇದು ಒಳ್ಳೆಯದಲ್ಲ ಎಂಬುದು ನನ್ನ ಅಭಿಪ್ರಾಯ. ಎಲ್ಲ ಹಳೆಯ ಯಂತ್ರಗಳನ್ನೂ ಉಳಿಸಿಕೊಳ್ಳಿರೆಂದು ನಾನು ಹೇಳುತ್ತಿಲ್ಲ. ಎಸೆಯುವ ನಿರ್ಧಾರ ಪರೀಕ್ಷೆಯ ಅನಂತರ ಬರಲಿ ಎಂದಷ್ಟೇ ನನ್ನ ಮಾತು. ಆದರೆ ಪ್ರತಿ ಇಟ್ಟುಕೊಳ್ಳದ ತಪ್ಪನ್ನು ಯಾವ ರಿಪೇರಿಯೂ ತಿದ್ದಲಾರದು. ಆ ತಪ್ಪು ಅಂಗಡಿಯವರದಲ್ಲ, ನನ್ನದೇ.

ನಿಮ್ಮ ಮನೆಯ ಹಿರಿಯರ ದನಿ, ಭಾವಚಿತ್ರಗಳು ಒಂದೇ ಕಡೆ ಇದ್ದರೆ ಈ ಭಾನುವಾರವೇ ಎರಡು ಪ್ರತಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿಡಿ. ನಮ್ಮ ಅಮ್ಮನ ಹಾಡುಗಳ ಒಂದು ಪ್ರತಿ ಈಗ ತಂಗಿಯ ಮನೆಯಲ್ಲಿದೆ. ಹೋದ ಆ ಮೂರು ಹಾಡುಗಳು ಬಂಧುಗಳಲ್ಲಿ ಯಾರಿಗಾದರೂ ಬಾಯಿಪಾಠವಿದ್ದರೆ ದಯಮಾಡಿ ತಿಳಿಸಿ, ಬಂದು ಬರೆದುಕೊಳ್ಳುತ್ತೇನೆ.