ಖಾಲಿ ಅದೀನಿ ಅಂದ ದ್ರಾವಿಡ್

ದೋಸ್ತ್ರ, 2024ರ ಜೂನ್ 29 ನೆನಪೈತಲ್ಲ? ಬಾರ್ಬಡೋಸ್‌ನಲ್ಲಿ ಭಾರತ ಟಿ20 ವಿಶ್ವಕಪ್ ಗೆದ್ದಿತು. ಕೋಚ್ ರಾಹುಲ್ ದ್ರಾವಿಡ್ ಅವಧಿಯೂ ಅಲ್ಲಿಗೇ ಮುಗೀತು. ನಮ್ಮ ಬೆಂಗಳೂರಿನ ಈ ಮನುಷ್ಯಾ ದೊಡ್ಡ ಭಾಷಣ ಬಿಗೀಲಿಲ್ಲ. ಮುಂದಿನ ವಾರದಿಂದ ನಾನು ನಿರುದ್ಯೋಗಿ, ಏನಾದ್ರೂ ಆಫರ್ ಐತೇನು ಅಂತ ಪತ್ರಕರ್ತರನ್ನೇ ಕೇಳಿ ನಕ್ಕರು.

ಅವರಿಗೆ ಕೆಲಸದ ಬರ ಇರಲಿಲ್ಲ, ಖರೆ. ಸೆಪ್ಟೆಂಬರ್‌ನಲ್ಲೇ ರಾಜಸ್ಥಾನ ರಾಯಲ್ಸ್ ಕರೀತು. ಆದ್ರೂ ಆ ಮಾತು ಯಾಕ ಹಿಡಿಸಿತು? ನೇರ ಇತ್ತು, ಏಟು ತಮಗೇ ಹಾಕ್ಕೊಂಡಿದ್ರು.

ನಮ್ಮ ಸಾಲಹಳ್ಳಿ ಕಟ್ಟಿ ಮ್ಯಾಲೆ ನಾವು ಮಾಡೋದೇನು? ಡಿಗ್ರಿ ಮುಗಿಸಿ ಕುಂತ ಗೆಳೆಯನ್ನ ನಾಲ್ಕು ಮಂದಿ ಮುಂದ "ಏನಲೇ, ಇನ್ನೂ ಖಾಲಿನ?" ಅಂತೀವಿ. ಅಂವ ಮುಖಾ ಸಣ್ಣದ ಮಾಡಿದ್ರ, "ನಮ್ದು ನೇರ ಮಾತು" ಅಂತ ಜಾರ್ಕೋತೀವಿ. ಅದೇ ಜೋಕ್ ಅವನೇ ಹೇಳಿದ್ರ ಕೂಡಿ ನಗ್ರಿ. ನೀವು ಹೇಳಬ್ಯಾಡ್ರಿ.

ಒಪ್ತೀರೋ ಇಲ್ಲೋ, ನೇರಾನೇರ ಕಾಮೆಂಟ್ ಹಾಕ್ರಿ.

#ನೇರಮಾತು #ದ್ರಾವಿಡ್ #ಸಾಲಹಳ್ಳಿ