ಸೇನಾಪತಿಯ ಪದಚ್ಯುತಿಯೂ ಪ್ರಜೆಯ ಹಕ್ಕೂ

ನಿನ್ನೆಯ ವರೆಗೆ ಲಕ್ಷಾವಧಿ ಸೈನಿಕರಿಗೆ ಆಜ್ಞೆ ಮಾಡುತ್ತಿದ್ದ ಸೇನಾಪತಿಯೊಬ್ಬನು ಬೆಳಗಾಗುವದರೊಳಗೆ ಸಾಮಾನ್ಯ ಗೃಹಸ್ಥನಾಗಿಬಿಡುವನು. ಸರಕಾರದ ಪ್ರಕಟನೆಯು ನಾಲ್ಕು ಸಾಲುಗಳನ್ನು ಮೀರುವದಿಲ್ಲ. ಅದರಲ್ಲಿ ಕಾರಣವು ಇರುವದೇ ಅಪರೂಪ. ಇದ್ದರೂ ಅದರಿಂದ ಯಾರ ಸಂದೇಹವೂ ತೀರುವದಿಲ್ಲ. ಆಗ ಪೇಟೆಯ ಕಟ್ಟೆಗಳ ಮೇಲೆ ನಾನಾ ಬಗೆಯ ಮಾತುಗಳು ಹುಟ್ಟುವವು. ಆತನು ಸೋತನೆಂದು ಒಬ್ಬನು, ರಾಜದ್ರೋಹ ಬಗೆದನೆಂದು ಇನ್ನೊಬ್ಬನು, ಇದೆಲ್ಲ ಮಂತ್ರಿಗಳ ಹೊಟ್ಟೆಕಿಚ್ಚೆಂದು ಮತ್ತೊಬ್ಬನು. ದೇಶರಕ್ಷಣೆಯಂಥ ಗುರುತರವಾದ ವಿಷಯವು ಗಾಳಿಸುದ್ದಿಯ ಪಾಲಾಗುವದು ಯಾವ ಪ್ರಜಾರಾಜ್ಯಕ್ಕೂ ಭೂಷಣವಲ್ಲ. ಆದುದರಿಂದ ಈ ಪ್ರಶ್ನೆಯನ್ನು ನಮ್ಮ ವಾಚಕರ ಮುಂದೆ ಸ್ವಲ್ಪ ವಿಸ್ತಾರವಾಗಿಯೇ ಇಡುವದು ಉಚಿತವೆಂದು ನಮಗೆ ತೋರುತ್ತದೆ.

ಸೇನಾಪತಿಗಳು ಅಕಸ್ಮಾತ್ತಾಗಿ ಅಧಿಕಾರದಿಂದ ಇಳಿಯುವದಕ್ಕೆ ಮುಖ್ಯವಾಗಿ ಮೂರು ಕಾರಣಗಳುಂಟು. ಮೊದಲನೆಯದು ಸೋಲು, ಎರಡನೆಯದು ಅವಿಧೇಯತೆ, ಮೂರನೆಯದು ಆಳುವವರ ಅಂಜಿಕೆ. ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವದು ಸಲ್ಲದು.

ಸೋಲಿನ ವಿಷಯವನ್ನು ಮೊದಲು ನೋಡೋಣ. 1942ನೆಯ ಇಸವಿಯ ಜೂನ್ 21ರಂದು ಆಫ್ರಿಕೆಯ ಟೋಬ್ರುಕ್ ಕೋಟೆಯು ಜರ್ಮನರ ಕೈಸೇರಿತು. ರೊಮ್ಮೆಲನ ಸೈನ್ಯವು ಈಜಿಪ್ತದೊಳಗೆ ನುಗ್ಗಿತು. ಜುಲೈ ತಿಂಗಳಲ್ಲಿ ಅದನ್ನು ಅಲಮೇನದ ಬಳಿಯಲ್ಲಿ ತಡೆದು ನಿಲ್ಲಿಸಿದವನು ಜನರಲ್ ಆಕಿನ್‌ಲೆಕ್. ಆತನ ಕೈಕೆಳಗೆ ನಮ್ಮ ಭಾರತೀಯ ಸೈನಿಕರೂ ಕಾದಿದ್ದರು. ಆದರೂ ಆಗಸ್ಟದಲ್ಲಿ ಪ್ರಧಾನಮಂತ್ರಿ ಚರ್ಚಿಲನು ತಾನೇ ಕೈರೋ ನಗರಕ್ಕೆ ಹೋಗಿ ಆತನನ್ನು ಬದಲಿಸಿದನು. ಮಂತ್ರಿಮಂಡಲಕ್ಕೆ ಬೇಗನೆ ಜಯ ಬೇಕಾಗಿತ್ತು. ಸೇನಾಪತಿಯು ಸಿದ್ಧತೆಗೆ ಕಾಲಾವಕಾಶ ಕೇಳುತ್ತಿದ್ದನು. ಇಂಥ ಪದಚ್ಯುತಿಯಲ್ಲಿ ಕಳಂಕವೇನೂ ಇಲ್ಲ. ಅದೇ ಆಕಿನ್‌ಲೆಕನು ಮರುವರ್ಷ ಭಾರತದ ಮಹಾಸೇನಾಪತಿಯಾಗಿ ಬಂದನೆಂಬದನ್ನು ನೆನೆದರೆ ಈ ಮಾತು ಸ್ಪಷ್ಟವಾಗುವದು. ವೈದ್ಯನನ್ನು ಬದಲಿಸುವ ಅಧಿಕಾರ ರೋಗಿಯ ಮನೆಯವರಿಗೆ ಇರುವಂತೆ, ಸೇನಾಪತಿಯನ್ನು ಬದಲಿಸುವ ಅಧಿಕಾರ ರಾಷ್ಟ್ರದ ಹೊಣೆ ಹೊತ್ತವರಿಗೆ ಇರಲೇಬೇಕು.

ಎರಡನೆಯ ಬಗೆಗೆ ಜನರಲ್ ಮ್ಯಾಕ್‌ಆರ್ಥರನ ಪ್ರಕರಣವು ಲೋಕಪ್ರಸಿದ್ಧವಾದ ಉದಾಹರಣೆ. ಆತನು ಎರಡನೆಯ ಮಹಾಯುದ್ಧದ ವೀರನು, ಸೋತ ಜಪಾನದ ಆಡಳಿತವನ್ನು ನಡೆಯಿಸಿದವನು. 1950ರ ಸಪ್ಟೆಂಬರ 15ರಂದು ಕೊರಿಯದ ಇಂಚನ್ ಬಂದರದಲ್ಲಿ ಸೈನ್ಯವನ್ನಿಳಿಸಿ ಯುದ್ಧದ ಗತಿಯನ್ನೇ ತಿರುಗಿಸಿದನು. ಒಂದು ತಿಂಗಳಿನ ತರುವಾಯ ವೇಕ್ ದ್ವೀಪದಲ್ಲಿ ಅಧ್ಯಕ್ಷ ಟ್ರೂಮನನನ್ನು ಕಂಡಾಗ, ಚೀನವು ಯುದ್ಧಕ್ಕೆ ಇಳಿಯುವ ಸಂಭವವು ತೀರ ಕಡಿಮೆಯೆಂದು ಭರವಸೆ ಕೊಟ್ಟನು. ನವೆಂಬರದಲ್ಲಿ ಚೀನದ ಸೈನ್ಯವು ಪ್ರವಾಹದಂತೆ ಬಂದಿತು. ಯುದ್ಧವನ್ನು ಚೀನದ ನೆಲಕ್ಕೆ ಹಬ್ಬಿಸಬೇಕೆಂದು ಮ್ಯಾಕ್‌ಆರ್ಥರನ ಹಟ. ಕೊರಿಯದ ಮೇರೆಯೊಳಗೇ ಅದನ್ನು ನಿಲ್ಲಿಸಬೇಕೆಂದು ಸರಕಾರದ ಧೋರಣೆ.

ಅಭಿಪ್ರಾಯಭೇದವು ಅಪರಾಧವಲ್ಲ. ಅದನ್ನು ಮೇಲಿನವರಿಗೆ ಬರೆದು ತಿಳಿಸುವದು ಸೇನಾಪತಿಯ ಕರ್ತವ್ಯವೇ ಆಗಿದೆ. ಆದರೆ ಪರವಾನಗಿಯಿಲ್ಲದೆ ರಾಜನೀತಿಯ ಬಗ್ಗೆ ಬಹಿರಂಗವಾಗಿ ಮಾತಾಡಕೂಡದೆಂದು 1950ರ ಡಿಸೆಂಬರದಲ್ಲಿಯೇ ಅಪ್ಪಣೆಯಾಗಿತ್ತು. ಅದನ್ನು ಲೆಕ್ಕಿಸದೆ, ಸರಕಾರವು ಸಂಧಾನದ ಮಾತನ್ನು ಎತ್ತಬೇಕೆಂದಿದ್ದ ಹೊತ್ತಿನಲ್ಲಿ, 1951ರ ಮಾರ್ಚ್ 24ರಂದು ಆತನು ಚೀನವನ್ನು ಗದರಿಸುವ ಹೇಳಿಕೆಯನ್ನು ಹೊರಡಿಸಿದನು. ಪ್ರತಿಪಕ್ಷದ ಮುಖಂಡನಾದ ಮಾರ್ಟಿನನಿಗೆ ಆತನು ಬರೆದಿದ್ದ ಪತ್ರವು ಏಪ್ರಿಲ್ 5ರಂದು ಪ್ರತಿನಿಧಿಸಭೆಯಲ್ಲಿ ಓದಲ್ಪಟ್ಟಿತು. ಏಪ್ರಿಲ್ 11ರಂದು ಟ್ರೂಮನನು ಆತನನ್ನು ಎಲ್ಲ ಅಧಿಕಾರಗಳಿಂದಲೂ ಬಿಡಿಸಿದನು. ಆಜ್ಞೆಯು ಕೈಸೇರುವದಕ್ಕೆ ಮುಂಚೆಯೇ ಆ ಮುದಿ ಸೇನಾಪತಿಗೆ ಸುದ್ದಿಯು ರೇಡಿಯೋದ ಮೂಲಕ ಮುಟ್ಟಿತು. ಕೆಲಸವು ನ್ಯಾಯವಾದುದೇ, ಮಾಡಿದ ರೀತಿ ಮಾತ್ರ ಒರಟಾಯಿತು.

ಅಮೇರಿಕೆಯ ಜನರು ಮೊದಲು ಸಿಡಿದೆದ್ದರು. ನ್ಯೂಯಾರ್ಕದಲ್ಲಿ ಮ್ಯಾಕ್‌ಆರ್ಥರನಿಗೆ ಚಕ್ರವರ್ತಿಗೆ ತಕ್ಕ ಮೆರವಣಿಗೆಯಾಯಿತು. ಆದರೆ ಅಲ್ಲಿನ ಹಿರಿಯರು ಈ ಪ್ರಶ್ನೆಯನ್ನು ಮೆರವಣಿಗೆಗೆ ಬಿಟ್ಟುಕೊಡಲಿಲ್ಲ. ಸೆನೆಟಿನ ಎರಡು ಸಮಿತಿಗಳು ಕೂಡಿ ವಿಚಾರಣೆ ನಡೆಯಿಸಿದವು. ವಾದಿಯ ಮಾತನ್ನೂ ಕೇಳಿದವು, ಪ್ರತಿವಾದಿಯ ಮಾತನ್ನೂ ಕೇಳಿದವು. ಭೂಸೇನೆ, ನೌಕಾಸೇನೆ, ವಿಮಾನಸೇನೆಗಳ ಮುಖ್ಯರೇ ಬಂದು, ಪದಚ್ಯುತಿಗೆ ತಮ್ಮ ಸಮ್ಮತಿಯಿತ್ತೆಂದು ಸಾಕ್ಷಿ ನುಡಿದರು. ಸಾಕ್ಷ್ಯವನ್ನು ಮುಚ್ಚಿದ ಬಾಗಿಲೊಳಗೆ ತೆಗೆದುಕೊಂಡರು. ಯುದ್ಧರಹಸ್ಯದ ಭಾಗಗಳನ್ನು ಮಾತ್ರ ಹೊಡೆದುಹಾಕಿ ಉಳಿದುದನ್ನು ದಿನದಿನವೂ ಪತ್ರಿಕೆಗಳಿಗೆ ಒದಗಿಸಿದರು. ಕಾರಣ ತಿಳಿದ ಮೇಲೆ ಜನರ ಆವೇಶವು ತಾನಾಗಿಯೇ ಇಳಿಯಿತು.

ಇನ್ನು ಮೂರನೆಯ ಬಗೆ. 1937ರಲ್ಲಿ ರಶಿಯದ ಸ್ಟಾಲಿನನು ಮಾರ್ಶಲ್ ತುಖಾಚೆವ್‌ಸ್ಕಿಯನ್ನು ಮೇ ತಿಂಗಳಲ್ಲಿ ಹಿಡಿಯಿಸಿದನು. ಜೂನದಲ್ಲಿ ಗುಪ್ತವಿಚಾರಣೆಯ ನಾಟಕವಾಡಿ ಗುಂಡಿಗೆ ಗುರಿಮಾಡಿದನು. ಐವರು ಮಾರ್ಶಲರಲ್ಲಿ ಮೂವರು ಹೀಗೆ ಹಾಳಾದರು. ಅವರ ಹಿಂದೆ ಸಾವಿರಾರು ಅಧಿಕಾರಿಗಳು ಹೋದರು. 1939ರ ಚಳಿಗಾಲದಲ್ಲಿ ಪುಟ್ಟ ಫಿನ್‌ಲಂಡದೆದುರು ಆ ದೊಡ್ಡ ಸೈನ್ಯವು ಪಟ್ಟ ಪಾಡನ್ನು ಲೋಕವೆಲ್ಲ ಕಂಡಿತು. ಆಪಾದನೆಯು ಸುಳ್ಳೆಂದು ಅದೇ ಸರಕಾರವು ಇಪ್ಪತ್ತು ವರ್ಷಗಳ ಮೇಲೆ ಒಪ್ಪಿಕೊಂಡಿತು. ಸತ್ತವನಿಗೆ ಅದರಿಂದ ಬಂದ ಭಾಗ್ಯವೇನು?

ಈಗ ನಮ್ಮ ಮನೆಯ ಮಾತಿಗೆ ಬರೋಣ. ಕನ್ನಡ ನಾಡಿನ ಕೊಡಗು ಭಾರತಕ್ಕೆ ಇಬ್ಬರು ಭೂಸೇನಾ ಮುಖ್ಯರನ್ನು ಕೊಟ್ಟ ವೀರಭೂಮಿ. ಅವರಲ್ಲೊಬ್ಬರಾದ ಜನರಲ್ ತಿಮ್ಮಯ್ಯನವರು 1959ರ ಆಗಸ್ಟ್ 31ರಂದು, ರಕ್ಷಣಾಮಂತ್ರಿ ಕೃಷ್ಣ ಮೆನನ್ನರೊಡನೆ ಸರಿಹೋಗದೆ ರಾಜೀನಾಮೆ ಕೊಟ್ಟರು. ನೆಹರೂ ಅವರು ಮನವೊಲಿಸಲು ಅದನ್ನು ಹಿಂದಕ್ಕೆ ತೆಗೆದುಕೊಂಡರು. ಸೈನ್ಯಕ್ಕಿಂತ ಪ್ರಜಾಸರಕಾರವೇ ಮೇಲೆಂದು ನೆಹರೂ ಅವರು ಸಂಸತ್ತಿನಲ್ಲಿ ಸಾರಿದರು. ಆ ತತ್ವವನ್ನು ನಾವು ಶಿರಸಾ ವಹಿಸುತ್ತೇವೆ. ಆದರೆ ಜಗಳದ ಮೂಲವನ್ನು ಬಗೆಹರಿಸದೆ ಮುಚ್ಚಿಟ್ಟುದರ ಫಲವೇನಾಯಿತು? ಮೂರು ವರ್ಷಗಳಲ್ಲಿಯೇ ಚೀನದ ಆಕ್ರಮಣವಾಗಿ, ಅದೇ ಮೆನನ್ನರು ಪದವಿಯನ್ನು ಬಿಡಬೇಕಾಯಿತು.

1998ರ ಡಿಸೆಂಬರ 30ರಂದು ನೌಕಾಸೇನೆಯ ಮುಖ್ಯರಾದ ಅಡ್ಮಿರಲ್ ವಿಷ್ಣು ಭಾಗವತರನ್ನು ಸರಕಾರವು ವಜಾಮಾಡಿತು. ಸ್ವತಂತ್ರ ಭಾರತದಲ್ಲಿ ಸೇನಾಮುಖ್ಯರೊಬ್ಬರು ವಜಾ ಆದುದು ಅದೇ ಮೊದಲು. ಆಗಿನ ರಕ್ಷಣಾಮಂತ್ರಿಗಳು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು. ಮಂತ್ರಿಮಂಡಲದ ಸಮಿತಿಯು ಉಪಮುಖ್ಯರ ಸ್ಥಾನಕ್ಕೆ ನೇಮಿಸಿದ ಅಧಿಕಾರಿಯನ್ನು ಅಡ್ಮಿರಲರು ಒಪ್ಪಲಿಲ್ಲವೆಂಬದು ಕಲಹದ ತಿರುಳು. ಅದು ಪ್ರಜಾಧಿಕಾರದ ಉಲ್ಲಂಘನೆಯೆಂದು ಸರಕಾರವು ಹೇಳಿತು. ತಾವು ಕಾಯಿದೆಯನ್ನೇ ಹಿಡಿದು ನಡೆದೆವೆಂದು ಅಡ್ಮಿರಲರು ಹೇಳಿದರು. ಯಾರದು ಸರಿ ಎಂದು ತೀರ್ಪು ಕೊಡುವದು ನಮ್ಮ ಉದ್ದೇಶವಲ್ಲ. ಇಬ್ಬರನ್ನೂ ಎದುರುಬದುರಾಗಿ ನಿಲ್ಲಿಸಿ ಕೇಳುವ ಅಧಿಕೃತ ಪೀಠವು ದೇಶಕ್ಕೆ ಕಾಣಿಸಲಿಲ್ಲವೆಂಬದೇ ನಮ್ಮ ಕೊರಗು. ಆದುದರಿಂದ ವಿವಾದವು ಪಕ್ಷಗಳ ಕೈಗೆ ಸಿಕ್ಕು, ಸಮ್ಮಿಶ್ರ ಸರಕಾರದ ಒಳಜಗಳಕ್ಕೂ ಆಹಾರವಾಯಿತು.

ಇಲ್ಲಿ ಕಾಯಿದೆಯ ಒಂದು ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. ನಮ್ಮ ಸಂವಿಧಾನದ 310ನೆಯ ಅನುಚ್ಛೇದದ ಮೇರೆಗೆ ಸೈನ್ಯದ ಅಧಿಕಾರಿಯು ರಾಷ್ಟ್ರಪತಿಗಳ ಇಚ್ಛೆ ಇರುವ ವರೆಗೆ ಮಾತ್ರ ಪದವಿಯಲ್ಲಿರುವನು. ನಾಗರಿಕ ನೌಕರನೂ ಹಾಗೆಯೇ. ಆದರೆ ಆತನಿಗೆ 311ನೆಯ ಅನುಚ್ಛೇದದ ರಕ್ಷಣೆಯುಂಟು. ಆಪಾದನೆಯನ್ನು ತಿಳಿಸಿ, ಆತನ ಉತ್ತರವನ್ನು ಕೇಳದೆ ಸಾಮಾನ್ಯವಾಗಿ ಆತನನ್ನು ವಜಾಮಾಡುವಂತಿಲ್ಲ. ಸೈನ್ಯದವರಿಗೆ ಈ ರಕ್ಷಣೆಯಿಲ್ಲ. ಅಂದರೆ ಕಚೇರಿಯ ಗುಮಾಸ್ತನಿಗೆ ಇರುವ ಆಶ್ರಯವು ಅಡ್ಮಿರಲನಿಗಿಲ್ಲ! ಸೈನ್ಯದ ಶಿಸ್ತಿಗೆ ಇದು ಅವಶ್ಯವಿರಬಹುದು. ಅಂತೆಯೇ ಈ ಅಧಿಕಾರವನ್ನು ಕಿತ್ತುಕೊಳ್ಳಬೇಕೆಂದು ನಾವು ಹೇಳುವದಿಲ್ಲ. ಖಡ್ಗವು ಒರೆಯ ಮಾತನ್ನು ಕೇಳದ ರಾಜ್ಯಗಳ ಗತಿಯನ್ನು ನಾವು ಬಲ್ಲೆವು. ಆದರೆ ಅಧಿಕಾರವು ಎಷ್ಟು ದೊಡ್ಡದೋ ಅದಕ್ಕೆ ಉತ್ತರ ಹೇಳುವ ಹೊಣೆಯೂ ಅಷ್ಟೇ ದೊಡ್ಡದಾಗಿರಬೇಕು.

ರಹಸ್ಯವು ಬಯಲಾಗುವದೆಂಬ ಆಕ್ಷೇಪಕ್ಕೆ 1951ರ ಸೆನೆಟ್ ವಿಚಾರಣೆಯೇ ಉತ್ತರ. ಸೇನಾಮುಖ್ಯರೊಬ್ಬರನ್ನು ವಜಾಮಾಡಿದಾಗ ಸರಕಾರವು ಲಿಖಿತ ಕಾರಣಗಳನ್ನು ಗೊತ್ತಾದ ಅವಧಿಯೊಳಗೆ ಸಂಸತ್ತಿನ ಸರ್ವಪಕ್ಷ ಸಮಿತಿಯೊಂದರ ಮುಂದೆ ಇಡಲಿ. ಹೋದವರಿಗೂ ಅಲ್ಲಿ ಒಂದು ಸಲ ಮಾತಾಡುವ ಅವಕಾಶ ಸಿಗಲಿ. ಗೋಪ್ಯವಲ್ಲದ ಭಾಗವು ಜನರ ಕಣ್ಣಿಗೆ ಬೀಳಲಿ. ಹೀಗೆ ಮಾಡಿದರೆ ಸೋತವನಿಗೆ ದ್ರೋಹಿಯೆಂಬ ಹೆಸರು ಅಂಟುವದಿಲ್ಲ. ಅವಿಧೇಯನು ಹುತಾತ್ಮನ ವೇಷ ಹಾಕಲಾರನು. ಅಂಜಿಕೆಯಿಂದ ವರ್ತಿಸುವ ಮಂತ್ರಿಯು ರಾಷ್ಟ್ರಹಿತದ ಮರೆಯಲ್ಲಿ ಅಡಗಲಾರನು. ಸೈನ್ಯಕ್ಕೆ ಮಕ್ಕಳನ್ನು ಕೊಡುವವರು ಈ ದೇಶದ ತಂದೆತಾಯಿಗಳು. ಆ ಮಕ್ಕಳ ಮುಂದಾಳನ್ನು ಏಕೆ ತೆಗೆದರೆಂದು ಕೇಳುವ ಹಕ್ಕು ಅವರದು. ಆ ಪ್ರಶ್ನೆಗೆ ಮೌನವು ಉತ್ತರವಾಗಲಾರದು.