ಬೇಲಿಯ ಬೀಜ, ಬಡವರ ಮಕ್ಕಳು

ಕಾಡುಹರಳಿನ ಬೀಜ ತಿಂದು ಮಕ್ಕಳು ಆಸ್ಪತ್ರೆ ಸೇರಿದರೆಂಬ ಸುದ್ದಿ ನಮ್ಮ ದೇಶದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ಒಂದೇ ಮಾತು: "ಮಕ್ಕಳು ತಿಳಿಯದೆ ತಿಂದರು." ಮಕ್ಕಳಿಗೆ ತಿಳಿಯದೆಂಬುದು ನಿಜ. ತಿಳಿದವರು ಏನು ಮಾಡುತ್ತಿದ್ದರು ಎಂಬುದೇ ನಮ್ಮ ಪ್ರಶ್ನೆ.

ಸರ್ಕಾರಿ ಕಾಗದಗಳಲ್ಲಿ ಜತ್ರೋಫಾ ಎನ್ನಿಸಿಕೊಳ್ಳುವ ಈ ಗಿಡವನ್ನು, ದನ ಮೇಯುವುದಿಲ್ಲವೆಂದು ರೈತರು ಹಿಂದಿನಿಂದಲೂ ಬೇಲಿಗೆ ನೆಡುತ್ತಿದ್ದರು. ಇದರ ಎಣ್ಣೆಯಿಂದ ಡೀಸೆಲ್ ಮಾಡಬಹುದೆಂದು 2003ರಲ್ಲಿ ಯೋಜನಾ ಆಯೋಗದ ಸಮಿತಿ ವರದಿ ಕೊಟ್ಟಿತು. ಬಂಜರಿನಲ್ಲಿ, ರೈಲುಹಳಿಯ ಪಕ್ಕದಲ್ಲಿ ಸಾಲುಸಾಲಾಗಿ ನೆಡಿಸಿದರು. 2017ರ ಹೊತ್ತಿಗೆ ನೂರಕ್ಕೆ 20 ಪಾಲು ಜೈವಿಕ ಇಂಧನ ಬೆರೆಸುವುದೆಂದು 2009ರ ನೀತಿ ಸಾರಿತು. 2017 ಬಂತು, ಹೋಯಿತು. ಗುರಿ ಮುಟ್ಟಲಿಲ್ಲ, ಗಿಡ ಉಳಿಯಿತು.

ಈ ಬೀಜಕ್ಕೆ ಶೇಂಗಾದಂಥ ರುಚಿ. ಹಸಿದ ಮಗು ನಾಲ್ಕು ಅಗಿದರೂ ವಾಂತಿ, ಹೊಟ್ಟೆನೋವು, ಭೇದಿ ಹಿಡಿಯುತ್ತವೆ. ಹುರಿದರೂ ವಿಷ ಹೋಗುವುದಿಲ್ಲ. ಇದಕ್ಕೆಂದೇ ಪ್ರತಿವಿಷವಿಲ್ಲ, ಮೈಯಿಂದ ಹೋದ ನೀರನ್ನು ಸಕಾಲದಲ್ಲಿ ತುಂಬಿದರೆ ಬಹುತೇಕ ಮಕ್ಕಳು ಒಂದೆರಡು ದಿನದಲ್ಲಿ ಚೇತರಿಸಿಕೊಳ್ಳುತ್ತಾರೆ. ತಡವಾದರೆ ಅಪಾಯ. ಅಂದಮೇಲೆ ಮಗುವಿನ ಜೀವ ಆಸ್ಪತ್ರೆಯ ಬಾಗಿಲು ತೆರೆದಿದೆಯೇ ಎಂಬುದರ ಮೇಲೆ ನಿಂತಿದೆ.

"ಗುಲಗಂಜಿ, ದತ್ತೂರಿಯೂ ವಿಷವೇ, ಎಲ್ಲವನ್ನೂ ಕಡಿಯಲಾದೀತೇ?" ಎನ್ನುವವರುಂಟು. ಅವುಗಳ ಗುಣವನ್ನು ನಮ್ಮ ಅಜ್ಜಿಯರು ಹೇಳಿಕೊಟ್ಟಿದ್ದಾರೆ. ಇದನ್ನಾದರೋ ಜನರ ದುಡ್ಡಿನಲ್ಲಿ ನೆಡಿಸಿ, ಲಾಭದ ಲೆಕ್ಕವನ್ನು ಸಾರಿದಷ್ಟು ಗಟ್ಟಿಯಾಗಿ ವಿಷದ ಮಾತನ್ನು ಸಾರಲಿಲ್ಲ. ನೆಡಿಸಿದವರಿಗೆ ಹೊಣೆಯೂ ಉಂಟು.

"ತಾಯಿ ನೋಡಿಕೊಳ್ಳಬೇಕಿತ್ತು" ಎಂಬುದು ಇನ್ನೊಂದು ಮಾತು. ತಾಯಿ ಎಲ್ಲಿದ್ದಳು? ಗಿರಣಿಯ ಪಾಳಿಯಲ್ಲಿ. ಉಳ್ಳವರ ಮಕ್ಕಳಿಗೆ ಅಂಗಳವಿದೆ. ದುಡಿಯುವವರ ಮಕ್ಕಳಿಗೆ ಬೇಲಿಯ ಬದಿಯೇ ಆಟದ ಬಯಲು.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಶಾಲೆ, ಅಂಗನವಾಡಿ, ಕಾರ್ಮಿಕರ ಕೇರಿಗಳ ಸುತ್ತಲಿನ ಕಾಡುಹರಳನ್ನು ಪುರಸಭೆ, ಪಂಚಾಯಿತಿಗಳು ಬೇರುಸಹಿತ ಕೀಳಿಸಬೇಕು. ಬೀಜವನ್ನು ತೋರಿಸಿ ಮಕ್ಕಳಿಗೆ ಶಾಲೆಯಲ್ಲೇ ಎಚ್ಚರಿಕೆ ಹೇಳಬೇಕು. ಆರೋಗ್ಯ ಕೇಂದ್ರದಲ್ಲಿ ರಾತ್ರಿಯೂ ವೈದ್ಯರು, ಸಲೈನು ಇರಬೇಕು.

ವರ್ತಕ ಬಂಧುಗಳಲ್ಲಿ ಒಂದು ವಿನಂತಿ: ಈ ಬೀಜದ ಚೀಲವನ್ನು ಶೇಂಗಾದ ಪಕ್ಕ ಇಡಬೇಡಿ, ಇದರ ಹಿಂಡಿಯೂ ವಿಷ, ದನಕ್ಕೆ ಮಾರಬೇಡಿ. ತಾಯಿ ತಂದೆಯರಲ್ಲಿ ಇನ್ನೊಂದು: ಮಗು ಬೀಜ ತಿಂದಿತೆಂದು ತಿಳಿದೊಡನೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತ ಹೊತ್ತು ಕಳೆಯಬೇಡಿ. ಉಳಿದ ಬೀಜವನ್ನು ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಓಡಿ.

ಗಿಡ ಕೀಳಲು ಕೋಟಿ ರೂಪಾಯಿ ಬೇಡ, ಒಂದು ಗುದ್ದಲಿ ಸಾಕು. ಗುದ್ದಲಿ ಹಿಡಿಸುವುದಕ್ಕೆ ನಮ್ಮ ಒಗ್ಗಟ್ಟು ಬೇಕು. ಮುಂದಿನ ವಾರ್ಡು ಸಭೆ, ಗ್ರಾಮಸಭೆಗಳಲ್ಲಿ ಎದ್ದು ನಿಂತು ಕೇಳಿರಿ.